ನಾನು ನುಂಗಿದ ಒಂದು ಹಂತ

ಇವತ್ತು ಬೆಳಿಗ್ಗೆ ನಾನು ಹಿತ್ತಲ ಬಾಗಿಲು ತೆರೆಯುವುದಕ್ಕೂ ಬೇಲಿಯಾಚೆಯ ಗಿಡದಿಂದ ಒಂದು ನಿಂಬೆಹಣ್ಣು ದೊಪ್ಪೆಂದು ನಮ್ಮ ಕಡೆ ಬೀಳುವುದಕ್ಕೂ ಸರಿಹೋಯಿತು. ಸ್ಯಾನ್ ಡಿಯಾಗೋದ ನಿಂಬೆಹಣ್ಣು ನಮ್ಮೂರಿನದರ ಹಾಗೆ ಗೋಲಿ ಗಾತ್ರದ್ದಲ್ಲ, ಮುಷ್ಟಿ ತುಂಬುತ್ತದೆ. ಎತ್ತಿಕೊಂಡು ಸಿಪ್ಪೆಯನ್ನು ಉಗುರಿನಿಂದ ಗೀರಿ ಮೂಸಿದೆ. ಬೇರೆಯವರಿಗೆ ಈ ವಾಸನೆಗೆ ಬಾಯಲ್ಲಿ ನೀರೂರುತ್ತದೆ. ನನಗೆ ಇವತ್ತಿಗೂ ಹೊಟ್ಟೆಯಲ್ಲಿ ಸಣ್ಣಗೆ ಕಿಚ್ಚು ಹತ್ತುತ್ತದೆ. ಇನ್ನು ನಾಲ್ಕು ಹಣ್ಣು ಹುಲ್ಲಿನಲ್ಲಿ ಬಿದ್ದಿದ್ದವು. ಐದನ್ನೂ ಒರೆಸಿ ಚೀಲಕ್ಕೆ ಹಾಕಿ, ಸಂಜೆ ಲಾಂಗ್ ಬೀಚ್‌ಗೆ ಹೋಗುವಾಗ ಮರೆಯಬಾರದೆಂದು ಕಾರಿನ ಮುಂದಿನ ಸೀಟಿನಲ್ಲಿಟ್ಟೆ.

ಯಾರಿಗೆ ಈ ಹಣ್ಣು, ಯಾಕೆ ಕಿಚ್ಚು ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ನಾನು ಹೊಟ್ಟೆಕಿಚ್ಚಿನ ಹೆಂಗಸು. ಇದನ್ನು ಒಪ್ಪಿಕೊಳ್ಳಲು ನನಗೆ ನಲವತ್ತು ವರ್ಷ ಬೇಕಾಯಿತು. ಅದಕ್ಕೆ ಮೊದಲು ನನ್ನನ್ನು ನಾನು ಭಾರಿ ದೊಡ್ಡ ಮನಸ್ಸಿನವಳೆಂದು ತಿಳಿದಿದ್ದೆ. ಸ್ಕ್ರಿಪ್ಸ್ ರ್ಯಾಂಚ್ ಬಡಾವಣೆಯ ನಮ್ಮ ಗೆಳತಿಯರು ಪೂಲ್ ಇರುವ ಮನೆ ಕೊಂಡಾಗ ನಾನು ಮನಸಾರೆ ಹೊಗಳಿ, ಪಾಯಸ ಎರಡನೇ ಸಲ ಹಾಕಿಸಿಕೊಂಡು ಬಂದವಳು. ಮನೆ, ಕಾರು, ಮಕ್ಕಳ ಮಾರ್ಕ್ಸು ಯಾವುದೂ ನನ್ನನ್ನು ಅಲುಗಿಸಲಿಲ್ಲ. ಕೊನೆಗೆ ನಾನು ಹೊಟ್ಟೆ ಉರಿದುಕೊಂಡದ್ದು ಯಾವುದಕ್ಕೆ ಗೊತ್ತೇ? ಬೈಗುಳಕ್ಕೆ. ನನಗೆ ಸಿಗಬೇಕಾದ ಬೈಗುಳ ಪಕ್ಕದ ಮನೆಯ ಅಮೆರಿಕನ್ ಮುದುಕಿಗೆ ಸಿಕ್ಕಿತಲ್ಲ ಎಂದು.

ನಗಬೇಡಿ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ನನ್ನ ಅತ್ತೆ ಪದ್ಮಾಬಾಯಿ ಗದಗಿನವರು. ಅಲ್ಲಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಗಣಿತ ಕಲಿಸಿದವರು. ಬೈಯುವುದರಲ್ಲಿ ಅವರು ನಿಸ್ಸೀಮರು. ಮಗನನ್ನು ಬೈಯುತ್ತಾರೆ, ಮಗಳನ್ನು ಬೈಯುತ್ತಾರೆ, ಹುಬ್ಬಳ್ಳಿಯಲ್ಲಿರುವ ನನ್ನ ಓರಗಿತ್ತಿ ಸುಮಾಳನ್ನಂತೂ ಫೋನಿನಲ್ಲೇ ಹಿಂಡಿ ಒಣಗಿಸುತ್ತಾರೆ. "ಏ ಹುಚ್ಚಿ, ಕಡ್ಲಿಬ್ಯಾಳಿ ಅಷ್ಟೊತ್ತು ನೆನೀ ಹಾಕ್ತಾರೇನ? ಯಾರ ಕಲಿಸ್ಯಾರ ನಿನಗ?" ಆ ಕಡೆಯಿಂದ ಸುಮಾ ನಗುತ್ತ ಏನೋ ತಿರುಗಿ ಅನ್ನುತ್ತಾಳೆ. ಈ ಕಡೆ ಅತ್ತೆಯೂ ನಗುತ್ತಾರೆ. ನಾನು ಪಾತ್ರೆ ತೊಳೆಯುತ್ತ ಕೇಳಿಸಿಕೊಳ್ಳುತ್ತೇನೆ.

ನನಗೆ? ಮದುವೆಯಾಗಿ ಹದಿನಾಲ್ಕು ವರ್ಷವಾದರೂ ಒಂದು ಗದರಿಕೆ ಸಿಕ್ಕಿರಲಿಲ್ಲ. ಒಮ್ಮೆ ಸಾರು ತಳಹಿಡಿದು ಮನೆಯೆಲ್ಲ ಹೊಗೆಯಾಗಿ ಅಲಾರಂ ಹೊಡೆದುಕೊಂಡಿತು. ಅತ್ತೆ ಟವೆಲ್ ಬೀಸುತ್ತ ಹೇಳಿದ್ದಿಷ್ಟು: "ಇರಲಿ ಬಿಡವಾ. ಬೆಂಗಳೂರ ಕಡೆ ಹಿಂಗ ಮಾಡ್ತಿರಬೇಕು." ಬೆಂಗಳೂರಿನ ಕಡೆ ಸಾರನ್ನು ಸುಟ್ಟೇ ಮಾಡುತ್ತಾರೆಂದು ನಂಬಲು ಸಿದ್ಧರಿದ್ದರು, ನನ್ನನ್ನು ಬೈಯಲು ಸಿದ್ಧರಿರಲಿಲ್ಲ. ನನ್ನ ಗಂಡನ ಹತ್ತಿರ ಹೇಳಿಕೊಂಡರೆ, "ಬೈದಿಲ್ಲ ಅಂತ ಅಳೋ ಸೊಸೀನ ನಾ ಇವತ್ತ ನೋಡಿದ್ದು" ಎಂದು ಲ್ಯಾಪ್‌ಟಾಪಿಗೆ ಮುಖ ತಿರುಗಿಸಿದರು. ಅವರಿಗೆ ಅರ್ಥವಾಗುವುದಿಲ್ಲ. ಮನೆಯವರನ್ನು ಬೈಯುತ್ತಾರೆ, ಬಂದವರಿಗೆ ಉಪಚಾರ ಮಾಡುತ್ತಾರೆ. ನಾನು ಹದಿನಾಲ್ಕು ವರ್ಷದಿಂದ ಬಂದವಳಾಗಿಯೇ ಇದ್ದೆ.

ಅತ್ತೆ ೨೦೨೦ರ ಜನವರಿಯಲ್ಲಿ ಆರು ತಿಂಗಳಿಗೆಂದು ಬಂದರು. ಮಾರ್ಚ್‌ನಲ್ಲಿ ಲೋಕದ ಬಾಗಿಲೆಲ್ಲ ಮುಚ್ಚಿತು, ವಿಮಾನ ನಿಂತವು. ಒಳಗೊಳಗೆ ನನಗೆ ಸಂತೋಷವೇ ಆಯಿತೆಂದರೆ ಪಾಪ ಬರುತ್ತದೋ ಏನೋ. ಇಷ್ಟು ದಿನ ಒಂದೇ ಮನೆಯಲ್ಲಿದ್ದರೆ ಎಂದಾದರೂ ಒಂದು ದಿನ ಬೈದೇ ಬೈಯುತ್ತಾರೆ ಎಂದುಕೊಂಡೆ. ನನ್ನ ಕೆಲಸ ಔಷಧ ತಯಾರಿಸುವ ಒಂದು ಕಂಪನಿಯಲ್ಲಿ. ಪ್ರಯೋಗಶಾಲೆಯವರು ಬರೆದ ವಿಧಾನಗಳಲ್ಲಿ ಯಾವ ಹಂತವೂ ಬಿಟ್ಟುಹೋಗದಂತೆ ಸಾಲುಸಾಲು ಪರೀಕ್ಷಿಸಿ ಸಹಿ ಹಾಕುವುದು. ಅದೂ ಮನೆಯಿಂದಲೇ ಆಯಿತು. ನನ್ನ ಈ ಉದ್ಯೋಗವನ್ನು ದಯವಿಟ್ಟು ನೆನಪಿನಲ್ಲಿಡಿ, ಮುಂದೆ ನನ್ನ ಮಾನ ಕಳೆಯುವುದಕ್ಕೆ ಬೇಕಾಗುತ್ತದೆ.

ಬೇಲಿಯಾಚೆ ಒಬ್ಬಂಟಿಯಾಗಿದ್ದವರು ಐರೀನ್. ಎಪ್ಪತ್ತೆಂಟು ವರ್ಷ, ಕಡ್ಡಿಯಂಥ ದೇಹ, ಗಂಡಸರ ಅಂಗಿ. ಹರೆಯದಲ್ಲಿ ಏಳು ವರ್ಷ ಕ್ರೈಸ್ತ ಸನ್ಯಾಸಿನಿಯಾಗಿದ್ದು, ಬಿಟ್ಟು ಬಂದು, ಆಮೇಲೆ ಲಾಸ್ ಏಂಜಲಿಸ್‌ನ ಕಾಲೇಜೊಂದರಲ್ಲಿ ನಲವತ್ತು ವರ್ಷ ಒಂದೇ ವಿಷಯ ಕಲಿಸಿದವರು. ದೇವರು ಇದ್ದಾನೆ ಎಂಬುದನ್ನು ನಂಬಿಕೆಯಿಂದಲ್ಲ, ಬರೀ ಯುಕ್ತಿಯಿಂದ ತೋರಿಸಲು ಯುರೋಪಿನ ಮಠಗಳಲ್ಲಿ ಎಂಟುನೂರು, ಸಾವಿರ ವರ್ಷಗಳ ಹಿಂದೆ ಪಾದ್ರಿಗಳು ಹೆಣಗಿದರಲ್ಲ, ಆ ವಾದಗಳನ್ನು. ಅವರು ಪಕ್ಕದಲ್ಲಿ ಎಂಟು ವರ್ಷದಿಂದ ಇದ್ದರೂ ನನಗೆ ಗೊತ್ತಿದ್ದದ್ದು ಅವರ ಕಸದ ಡಬ್ಬಿ ಮಂಗಳವಾರ ಹೊರಗೆ ಬರುತ್ತದೆ ಎಂಬುದಷ್ಟೇ.

ಪರಿಚಯ ಮಾಡಿಸಿದ್ದು ನಿಂಬೆಗಿಡ. ನಮ್ಮ ಕಡೆ ಬಿದ್ದ ಹಣ್ಣುಗಳನ್ನು ಅತ್ತೆ ಆರಿಸಿ ಉಪ್ಪಿನಕಾಯಿ ಹಾಕಿದರು. ಹಣ್ಣು ಅವರದಾದ್ದರಿಂದ ಒಂದು ಬಾಟಲಿ ಬೇಲಿಯ ಮೇಲಿಟ್ಟೆವು. ಎರಡನೇ ದಿನ ಐರೀನ್ ಖಾಲಿ ಬಾಟಲಿ ಹಿಡಿದು, ಖಾರಕ್ಕೆ ಕಣ್ಣಲ್ಲಿ ನೀರು ಸುರಿಸುತ್ತ, ಇನ್ನೂ ಇದೆಯೇ ಎಂದು ಕೇಳಿದರು. ಹಾಗೆಯೇ ನಿಂತುಕೊಂಡು, ತಾವು ನಲವತ್ತು ವರ್ಷ ಕಲಿಸಿದ್ದನ್ನು ಹೇಳಿ, "ನಿಮ್ಮ ಅತ್ತೆಯ ಪೂಜೆಯ ಗಂಟೆ ದಿನವೂ ಕೇಳುತ್ತೇನೆ. ದೇವರಿದ್ದಾನೆ ಎಂದು ಅವರಿಗೆ ಹೇಗೆ ಗೊತ್ತು, ಕೇಳಿ ಹೇಳುತ್ತೀರಾ?" ಎಂದರು. ಈ ದೇಶದಲ್ಲಿ ಯಾರೂ ಯಾರನ್ನೂ ಕೇಳದ ಪ್ರಶ್ನೆ. ಎರಡು ತಿಂಗಳು ಒಬ್ಬರೇ ಕೂತರೆ ಮನುಷ್ಯರಿಗೆ ಸಂಕೋಚ ಬಿಟ್ಟುಹೋಗುತ್ತದೆ.

ನಾನು ಕನ್ನಡದಲ್ಲಿ ಹೇಳಿದೆ. ಅತ್ತೆ ಸೊಂಟದೆತ್ತರದ ಹಲಗೆ ಬೇಲಿಯ ಮೇಲೆ ಎರಡೂ ಕೈಯಿಟ್ಟು, "ನನಗ ಹೆಂಗ ಗೊತ್ತು ಅನ್ನೂದು ಆಮ್ಯಾಲ. ನಲವತ್ತು ವರ್ಷ ಕಲಿಸ್ಯಾಳಂತಲ್ಲ, ಮೊದಲ ಆಕಿ ಸಾಧಿಸಿ ತೋರಸಲಿ. ದತ್ತ, ಸಾಧನೀಯ, ರಚನೆ, ಸಾಧನೆ, ನಾಕೂ ಬೇಕು ಅಂತ ಹೇಳು" ಎಂದರು.

ಕನ್ನಡದಲ್ಲಿ ರೇಖಾಗಣಿತ ಕಲಿತವರಿಗೆ ಆ ನಾಲ್ಕು ಪದ ಕೇಳಿದರೆ ಈಗಲೂ ಬೆನ್ನು ನೆಟ್ಟಗಾಗುತ್ತದೆ. ಕೊಟ್ಟಿರುವುದು ಏನು, ತೋರಿಸಬೇಕಾದದ್ದು ಏನು, ಅದಕ್ಕೆ ಯಾವ ಗೆರೆ ಎಳೆದುಕೊಳ್ಳಬೇಕು, ಆಮೇಲೆ ಹಂತಹಂತವಾಗಿ ತೋರಿಸುವುದು. ನಾನು ಇದನ್ನು ಇಂಗ್ಲಿಷಿಗಿಳಿಸಿದಾಗ ಐರೀನ್ ಮನೆಯೊಳಗೆ ಓಡಿಹೋಗಿ ಒಂದು ಮಡಚುವ ಕುರ್ಚಿ ತಂದು ಹಾಕಿಕೊಂಡರು. ಅಲ್ಲಿಂದ ಶುರುವಾಯಿತು. ದಿನವೂ ಬೆಳಿಗ್ಗೆ ಹತ್ತಕ್ಕೆ ಆಚೆ ಒಂದು ಕುರ್ಚಿ, ಈಚೆ ಎರಡು. ಮಗಳು ಅನೂಗೆ ಆಗ ಹನ್ನೆರಡು. ಅವಳಿಗೆ ಅಜ್ಜಿಯ ಕನ್ನಡ ತಿಳಿಯುತ್ತದೆ, ಉತ್ತರ ಇಂಗ್ಲಿಷಿನಲ್ಲೇ. ಒನ್‌ವೇ ರಸ್ತೆ. ಆದ್ದರಿಂದ ದುಭಾಷಿಯ ಕೆಲಸ ನನ್ನ ತಲೆಗೇ ಬಂತು.

ಐರೀನ್ ಮೊದಲೇ ಒಂದು ನಿಯಮ ಹೇಳಿದರು. ಆ ಕಾಲದ ಮಠಗಳ ಶಾಲೆಯಲ್ಲಿ ವಾದ ಮಾಡುವಾಗ, ಎದುರಾಳಿಯ ಮಾತನ್ನು ನಿಮ್ಮ ಬಾಯಲ್ಲಿ ಮತ್ತೆ ಹೇಳಿ, "ಹೌದು, ನಾನು ಹೇಳಿದ್ದು ಅದೇ" ಎಂದು ಅವನು ಒಪ್ಪುವವರೆಗೆ ನೀವು ಉತ್ತರ ಕೊಡುವಂತಿಲ್ಲ. ಅತ್ತೆ ತಲೆಯಾಡಿಸಿ, "ನಮ್ಮಲ್ಲೂ ಅದ. ಪೂರ್ವಪಕ್ಷ ಗಟ್ಟಿ ಇರಬೇಕು. ಇಲ್ಲಂದ್ರ ಗೆದ್ದದ್ದು ಗೆಲವಲ್ಲ" ಎಂದರು. ನಾನೂ ತಲೆಯಾಡಿಸಿದೆ. ಆಗ ನನಗೆ ಅದು ಯಾರಿಗೋ ಹೇಳಿದ ಮಾತಿನಂತಿತ್ತು.

ಮೊದಲನೆಯ ಸಾಧನೆ ಒಬ್ಬ ಮಠಾಧಿಪತಿಯದು. ಯಾವುದಕ್ಕಿಂತ ದೊಡ್ಡದನ್ನು ಕಲ್ಪಿಸಲಿಕ್ಕೇ ಆಗದೋ ಅದನ್ನು ದೇವರೆನ್ನೋಣ. ಅದು ನಮ್ಮ ಮನಸ್ಸಿನಲ್ಲಿ ಮಾತ್ರ ಇದೆ, ಹೊರಗೆ ಇಲ್ಲ ಎಂದಿಟ್ಟುಕೊಳ್ಳಿ. ಹಾಗಾದರೆ ಹೊರಗೂ ಇರುವಂಥದ್ದನ್ನು ಕಲ್ಪಿಸಬಹುದಲ್ಲ, ಅದು ಇದಕ್ಕಿಂತ ದೊಡ್ಡದಾಯಿತಲ್ಲ. ಅಂದರೆ ಎಲ್ಲಕ್ಕಿಂತ ದೊಡ್ಡದು ಎಲ್ಲಕ್ಕಿಂತ ದೊಡ್ಡದಲ್ಲ ಎಂದಾಯಿತು, ಇದು ಸಲ್ಲದು. ಆದ್ದರಿಂದ ಅದು ಹೊರಗೂ ಇದೆ. ಹೇಳಿ ಮುಗಿಸುವಷ್ಟರಲ್ಲಿ ನನಗೆ ತಲೆ ಧಿಂ ಎಂದಿತು. ಅತ್ತೆಯ ಮುಖ ಮಾತ್ರ ಹಬ್ಬದ ದಿನದ ಹಾಗಾಗಿತ್ತು. "ಅಯ್ಯ, ಇದು ಪರೋಕ್ಷ ಸಾಧನೆ! ತಿರಗಾಮುರಗಾ ಹಿಡದು ಸಿಗಿಸ್ತಾನ. ಎಂಟನೇ ಈಯತ್ತೆ ಹುಡುಗ್ಯಾರಿಗೆ ಇದನ್ನ ತಿಳಿಸಿ ಹೇಳೂದ್ರಾಗ ನನ್ನ ಅರ್ಧ ಆಯುಷ್ಯ ಹೋತು."

ಮೂರು ದಿನ ಅದನ್ನೇ ಮೆಲುಕು ಹಾಕಿದರು. ನಾಲ್ಕನೇ ದಿನ ಕುರ್ಚಿಯಲ್ಲಿ ಕೂರುವ ಮೊದಲೇ, "ಐರೀನಬಾಯಿ, ಹುಚ್ಚಿ ಇದ್ದೀ ನೀ" ಎಂದರು. "ನಾ ಒಂದು ಹೋಳಿಗಿ ಕಲ್ಪಿಸ್ತೀನಿ. ಅದಕ್ಕಿಂತ ರುಚಿ ಹೋಳಿಗಿ ಕಲ್ಪಿಸಲಿಕ್ಕೇ ಬರೂದಿಲ್ಲ. ಹಂಗಾರ ಅದು ಇರಾಕಬೇಕು, ಹೌದಲ್ಲೋ? ತಾಟಿನಾಗ ಬಂತೇನು? ತೋರಸು ಎಲ್ಲದ!"

ಹುಚ್ಚಿ ಎಂಬ ಪದವನ್ನೂ ಸೇರಿಸಿಯೇ ನಾನು ಹೇಳಿದೆ, ಐರೀನ್ ಸಿಟ್ಟಾಗಲಿ ಎಂದು. ಅವರು ಚಪ್ಪಾಳೆ ತಟ್ಟಿ ಕೂಗಿದರು. ಅದೇ ಕಾಲದಲ್ಲಿ ಇನ್ನೊಬ್ಬ ಸನ್ಯಾಸಿ ಇದೇ ಆಕ್ಷೇಪ ಎತ್ತಿದ್ದನಂತೆ, ಹೋಳಿಗೆಯ ಬದಲು ಸಮುದ್ರದಲ್ಲೆಲ್ಲೋ ಇರುವ ಅತಿ ಚೆಂದದ ದ್ವೀಪವೆಂದು ಹೇಳಿ. "ನಲವತ್ತು ವರ್ಷದಲ್ಲಿ ಇದನ್ನು ತಾನಾಗಿ ಕಂಡುಕೊಂಡ ಒಬ್ಬ ವಿದ್ಯಾರ್ಥಿಯೂ ನನಗೆ ಸಿಕ್ಕಿರಲಿಲ್ಲ" ಎಂದರು. ಅತ್ತೆ ನಾಚಿದರು. ನಮ್ಮತ್ತೆ ನಾಚುತ್ತಾರೆಂದು ನನಗೆ ಅಂದೇ ತಿಳಿದದ್ದು.

ನಾನು ಎಷ್ಟು ಹೋಳಿಗೆ ತಿಂದಿದ್ದೇನೆ ಅವರ ಕೈಯಿಂದ! ಒಂದು ದಿನವೂ ಹೋಳಿಗೆಯ ಮೇಲೆ ನನ್ನ ಜೊತೆ ಒಂದು ಜೋಕು ಹೊಡೆದವರಲ್ಲ. ಹುಚ್ಚಿ ಎಂಬ ಆ ಒಂದು ಪದಕ್ಕಾಗಿ ನಾನು ಹದಿನಾಲ್ಕು ವರ್ಷ ಸಾಲಿನಲ್ಲಿ ನಿಂತಿದ್ದೆ. ಈ ಹೆಂಗಸು ಒಂದೇ ವಾರದಲ್ಲಿ ಬೇಲಿಯಾಚೆ ಕೂತು ಕೊಂಡೊಯ್ದಳು. ಅದೂ ನನ್ನ ಬಾಯಿಂದಲೇ, ನಾನೇ ಭಾಷಾಂತರ ಮಾಡಿ ಕೈಗೆ ಕೊಟ್ಟದ್ದು. ಅಂದು ಮಧ್ಯಾಹ್ನ ಆಫೀಸಿನ ಯಾರದೋ ಬರಹದಲ್ಲಿ ಹದಿನೇಳು ತಪ್ಪು ಹುಡುಕಿದೆ. ಅದರಲ್ಲಿ ನಾಲ್ಕು ತಪ್ಪೇ ಆಗಿರಲಿಲ್ಲ.

ದಿನ ಕಳೆದಂತೆ ಹೆಚ್ಚಾಯಿತು. ಅತ್ತೆ ಬೆಳಿಗ್ಗೆ ಎದ್ದವರೇ ಹತ್ತು ಗಂಟೆಗೆ ಕಾಯುತ್ತಿದ್ದರು. ಒಳ್ಳೆಯ ಸೀರೆ ಉಡುತ್ತಿದ್ದರು. ನಾನು ಮಾಡಿದ ಅವಲಕ್ಕಿ ಹೇಗಿದೆ ಎಂದು ಕೇಳಿದರೆ, "ಛಲೋ ಅದವಾ. ಅಲ್ಲಾ, ಆ ಐರೀನಬಾಯಿ ನಿನ್ನೆ ಏನಂದ್ಲು?" ಎನ್ನುತ್ತಿದ್ದರು. ನಾನು ದೇವರಿಗೂ ಅವಲಕ್ಕಿಗೂ ಮಧ್ಯೆ ಕೂತ ಒಂದು ಕೊಳವೆಯಾಗಿಬಿಟ್ಟೆ. ಎಲ್ಲ ಮಾತೂ ನನ್ನ ಮೂಲಕ ಹೋಗುತ್ತಿತ್ತು, ನನಗೆ ಒಂದು ಮಾತೂ ಬರುತ್ತಿರಲಿಲ್ಲ.

ಆಮೇಲೆ ಒಂದು ದಿನ ನಾನು ಮಾಡಬಾರದ್ದನ್ನು ಮಾಡಿದೆ.

ಅಂದು ಐರೀನ್ ತಮಗೆ ಎಲ್ಲಕ್ಕಿಂತ ಇಷ್ಟವಾದ, ಇನ್ನೊಬ್ಬ ಪಂಡಿತನ ಸಾಧನೆಗೆ ಬಂದಿದ್ದರು. ಸಾವಕಾಶವಾಗಿ, ಹೂವು ಬಿಡಿಸಿಟ್ಟ ಹಾಗೆ ಹೇಳಿದರು. ಎಲ್ಲದಕ್ಕೂ ಕಾರಣ ಬೇಕು ಎಂದು ಆ ಪಂಡಿತ ಹೇಳಲೇ ಇಲ್ಲ, ಜನ ತಪ್ಪು ತಿಳಿಯುತ್ತಾರೆ. ಇನ್ನೊಂದರಿಂದ ಚಲಿಸುವಂಥದ್ದಕ್ಕೆ ಮಾತ್ರ ಚಲಿಸುವಂತೆ ಮಾಡುವವನು ಬೇಕು ಎನ್ನುತ್ತಾನೆ. ಅವನು ಕಾಲದಲ್ಲಿ ಹಿಂದಕ್ಕೂ ಹೋಗುತ್ತಿಲ್ಲ. ಅಜ್ಜ, ಅಪ್ಪ, ಮಗ ಎಂಬ ಸಾಲು ಬೇಕಾದರೆ ಕೊನೆಯಿಲ್ಲದೆ ಹಿಂದಕ್ಕೆ ಹೋಗಲಿ. ಅಜ್ಜ ಸತ್ತರೂ ಮೊಮ್ಮಗ ಬದುಕುತ್ತಾನೆ. ಆದರೆ ಕಲ್ಲನ್ನು ಕೋಲು ನೂಕುತ್ತಿದೆ, ಕೋಲನ್ನು ಕೈ ನೂಕುತ್ತಿದೆ ಎನ್ನಿ. ಕೈ ನಿಂತರೆ ಕೋಲು ಆ ಕ್ಷಣವೇ ನಿಂತಿತು. ಬರೀ ಕೋಲಿನ ಹಿಂದೆ ಕೋಲು ಎಷ್ಟು ಸಾವಿರ ಇಟ್ಟರೂ ಕಲ್ಲು ಅಲುಗದು. ಎಲ್ಲೋ ಒಂದು ಕಡೆ, ಯಾರೂ ನೂಕದೆ ನೂಕುವ ಕೈ ಈಗ, ಈ ಗಳಿಗೆ ಇರಬೇಕು. ಹೇಳುತ್ತ ಅವರು ತಮ್ಮ ಕೈಗೋಲಿನಿಂದ ಒಂದು ನಿಂಬೆಹಣ್ಣನ್ನು ಹುಲ್ಲಿನ ಮೇಲೆ ಉರುಳಿಸಿ ತೋರಿಸಿದರು.

ನಾನು ಅತ್ತೆಯ ಕಡೆ ತಿರುಗಿ ಹೇಳಿದೆ: "ಎಲ್ಲದಕ್ಕೂ ಒಂದು ಕಾರಣ ಇರಬೇಕಂತೆ. ಹಿಂದೆ ಹಿಂದೆ ಹೋದ್ರೆ ಕೊನೇಲಿ ದೇವರು ಸಿಗ್ತಾನಂತೆ."

"ಅಷ್ಟೇನ? ಅಷ್ಟೊತ್ತು ಮಾತಾಡಿದ್ಲಲ್ಲ, ನಿಂಬಿಹಣ್ಣು ಬ್ಯಾರೆ ಉಳ್ಳಸಿದ್ಲು."

"ಅಷ್ಟೇ ಅತ್ತೆ. ಅವರು ಸ್ವಲ್ಪ ಎಳೀತಾರೆ."

ಅತ್ತೆ ನಿಯಮದಂತೆ ಅದನ್ನೇ ತಿರುಗಿ ಹೇಳಿದರು. ನಾನು ಐರೀನ್‌ಗೆ ಅವರದೇ ಪೂರ್ತಿ ಮಾತನ್ನು, ಕೈ ಕೋಲು ಕಲ್ಲು ಸಮೇತ, ಅತ್ತೆ ಹೇಳಿದರೆಂದು ಒಪ್ಪಿಸಿದೆ. "ಹೌದು, ಅದೇ" ಎಂದು ಅವರು ಅರಳಿದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಅತ್ತೆ ಕೇಳಿದರು, "ಎಲ್ಲಕ್ಕೂ ಕಾರಣ ಬೇಕಂದ್ರ ದೇವರಿಗ್ಯಾಕ ಬ್ಯಾಡ? ಆತನ್ನ ಯಾರ ಮಾಡಿದ್ರು?" ಇದನ್ನು ಮಾತ್ರ ಒಂದಕ್ಷರ ಬಿಡದೆ ಹೇಳಿದೆ. ಐರೀನ್‌ರ ಮುಖ ಬಾಡಿತು. ಈಗ ತಾನೇ ಇಷ್ಟು ಬಿಡಿಸಿ ಹೇಳಿದ್ದನ್ನು ಒಪ್ಪಿಕೊಂಡು, ಮರುಗಳಿಗೆಯೇ ಏನೂ ಕೇಳದವರಂತೆ ಕೇಳುತ್ತಾರಲ್ಲ ಎಂದು. ಅವರು ಬಿಸಿಲು ಹೆಚ್ಚಾಯಿತು ಎಂದು ಕುರ್ಚಿ ಮಡಚಿಕೊಂಡು ಒಳಗೆ ಹೋದರು. ಇತ್ತ ಅತ್ತೆಯ ಮುಖವೂ ಸಪ್ಪಗಿತ್ತು, ಇಷ್ಟು ಸುಲಭಕ್ಕೆ ಗೆದ್ದವರ ಮುಖ. ನನಗಂತೂ, ಸುಳ್ಳು ಯಾಕೆ ಹೇಳಲಿ, ಬಹಳ ದಿನದ ಮೇಲೆ ಹೊಟ್ಟೆ ತಣ್ಣಗಾಯಿತು.

ಮರುದಿನ ಹತ್ತು ಗಂಟೆಗೆ ಆಚೆಯೂ ಕುರ್ಚಿ ಬರಲಿಲ್ಲ, ಈಚೆಯೂ ಹೋಗಲಿಲ್ಲ. ಅತ್ತೆ ಹಳೆಯ ಸೀರೆಯಲ್ಲೇ ಊಟದ ಮೇಜಿನ ಹತ್ತಿರ ತೊಗರಿಬೇಳೆ ಆರಿಸುತ್ತ ಕೂತರು. ನಾನು ಬೇಕಂತಲೇ ಚಹಾ ಮಾಡಿಕೊಂಡು ಹೋಗಿ ಎದುರಿಗೆ ಕೂತೆ. ಇನ್ನು ಮಾತಾಡಲು ನಾನೊಬ್ಬಳೇ ತಾನೇ ಉಳಿದದ್ದು! ಅವರು ಬೇಳೆಯಿಂದ ತಲೆ ಎತ್ತಲಿಲ್ಲ. ಮಧ್ಯಾಹ್ನವಾಯಿತು. ಅವರು ಬೇಳೆ ಬಿಟ್ಟು ಅನೂಳ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು ಏನೋ ಬರೆದರು, ಹೊಡೆದು ಹಾಕಿದರು, ಮತ್ತೆ ಬರೆದರು. ನಾನು ಮೀಟಿಂಗಿನಲ್ಲಿದ್ದೆ, ಕಣ್ಣೆಲ್ಲ ಆ ಹಾಳೆಯ ಮೇಲೆ. ಮೀಟಿಂಗ್ ಮುಗಿದದ್ದೇ ಕರೆದರು.

"ಬಾ ಇಲ್ಲಿ. ಇದನ್ನ ನೋಡು."

ಹಾಳೆಯಲ್ಲಿ ಅವರ ಶಾಲೆಯ ಗುಂಡು ಅಕ್ಷರದಲ್ಲಿ ದತ್ತ, ಸಾಧನೀಯ ಎಲ್ಲ ಇತ್ತು. ಸಾಧನೆಯ ಕೆಳಗೆ ಒಂದನೇ ಹಂತ, ಮೂರನೇ ಹಂತ. ಎರಡರ ಎದುರು ಖಾಲಿ.

"ಎಲ್ಲಕ್ಕೂ ಕಾರಣ ಬೇಕು ಅಂತ ಒಂದನೇ ಹಂತದಾಗ ಅಂದು, ದೇವರಿಗೆ ಬ್ಯಾಡ ಅಂತ ಕಡೀಕ ಅಂದ್ರ ಅದು ತನ್ನ ಕುತಿಗಿ ತಾನ ಕೊಯ್ಕೊಂಡಂಗ. ಹೌದಿಲ್ಲೋ? ಆ ಹೆಣ್ಣಮಗಳು ನಲವತ್ತು ವರ್ಷ ಇದನ್ನ ಕಲಿಸ್ಯಾಳ. ನಾಕನೇ ಈಯತ್ತೆ ಹುಡುಗ ಕೇಳೋ ಪ್ರಶ್ನಿಗೆ ಸಿಗೂವಷ್ಟು ದಡ್ಡಿ ಅಲ್ಲ ಆಕಿ. ಮತ್ತ ಆ ನಿಂಬಿಹಣ್ಣು ಯಾಕ ಉಳ್ಳಸಿದ್ಲು? ಅದು ನಿನ್ನ ಮಾತಿನಾಗ ಎಲ್ಲೂ ಬರಲೇ ಇಲ್ಲ." ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಇಲ್ಲೊಂದು ಹಂತ ಇತ್ತು. ನೀ ನುಂಗೀದಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ನನ್ನ ಕೈ ನನಗೆ ಗೊತ್ತಿಲ್ಲದೆ ಬಾಯಿ ಮುಚ್ಚಿಕೊಂಡಿತ್ತು. ಬಿಟ್ಟುಹೋದ ಹಂತ ಹುಡುಕುವುದಕ್ಕೆ ಸಂಬಳ ತೆಗೆದುಕೊಳ್ಳುವವಳು ನಾನು. ಮೂವತ್ತು ವರ್ಷ ಕಾಪಿ ಹೊಡೆದವರನ್ನು ಹಿಡಿದ ಮೇಡಂ ಮುಂದೆ ನನ್ನ ಆಟ ಒಂದು ದಿನವೂ ನಡೆಯಲಿಲ್ಲ.

"ನಾಚಿಕಿ ಬರೂದಿಲ್ಲೇನ ನಿನಗ?" ಅತ್ತೆಯ ದನಿ ಏರಿತು. "ಓದೀದಾಕಿ, ಬರದಾಕಿ, ಇಷ್ಟು ಕಳ್ಳಬುದ್ಧಿ! ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟಸು ಅಂತ ನಂಬಿ ಕೊಟ್ರ, ನಡಬರಕ ತಿಂದೀ ಅಲ್ಲ! ಆಕಿ ನನ್ನ ಬಗ್ಗೆ ಏನ್ ತಿಳಕೊಂಡಿರಬೇಕು? ಹುಚ್ಚಿ! ದಡ್ಡಿ! ಮೂರ್ಖಿ! ನನ್ನ ಶಾಳ್ಯಾಗ ಇದ್ದಿದ್ರ ಬೆಂಚಿನ ಮ್ಯಾಲ ನಿಂದ್ರಸ್ತಿದ್ದೆ!"

ನಾನು ಅಳತೊಡಗಿದೆ. ನೀವು ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಅಳುತ್ತಲೇ ಮನಸ್ಸಿನಲ್ಲಿ ಎಣಿಸುತ್ತಿದ್ದೆ. ಹುಚ್ಚಿ, ದಡ್ಡಿ, ಮೂರ್ಖಿ, ಬೆಂಚು. ಸುಮಾಳಿಗೆ ಒಂದೇ ಸಲಕ್ಕೆ ಇಷ್ಟು ಯಾವತ್ತೂ ಸಿಕ್ಕಿರಲಿಲ್ಲ.

"ಯಾಕ ಮಾಡಿದಿ?"

"ಹೊಟ್ಟೆಕಿಚ್ಚು ಅತ್ತೆ. ಅವರನ್ನ ಹುಚ್ಚಿ ಅಂದ್ರಿ. ನನ್ನ ಒಂದು ದಿನಾನೂ ಅನ್ಲಿಲ್ಲ."

ಅವರು ಬೇಳೆಯಲ್ಲಿ ಬೆರಳಾಡಿಸಿದರು. ದನಿ ಇಳಿದಿತ್ತು. "ಹೆಂಗ ಬೈಲಿ? ನೀ ಇಂಗ್ಲಿಷ್ ಮಾತಾಡಾಕಿ, ಕಾರ್ ಹೊಡ್ಯಾಕಿ. ನಾ ಒಂದು ಅನ್ನೂದು, ನೀ ಬಾಗಲ ಹಾಕ್ಕೊಳ್ಳೂದು, ಮಗಾ ನಡುವ ನಿಂದ್ರೂದು. ಇಲ್ಲಿ ಬಾಗಲ ಹಾಕಿದ್ರ ನಾ ಎಲ್ಲಿ ಹೋಗ್ಲಿ? ಅಂಜಿಕಿ ಇತ್ತವಾ ನನಗ." ಹದಿನಾಲ್ಕು ವರ್ಷ ನಾನು ತಾತ್ಸಾರವೆಂದುಕೊಂಡದ್ದು ಭಯವಾಗಿತ್ತು. ಇದು ನನಗೆ ಹೊಳೆದೇ ಇರಲಿಲ್ಲ, ಒಂದು ಹಂತ ಅವರೂ ನುಂಗಿಕೊಂಡು ಕೂತಿದ್ದರು.

ಅತ್ತೆ ಆಮೇಲೆ ಮೂಗೊರೆಸಿಕೊಳ್ಳಲೂ ಬಿಡದೆ ನನ್ನನ್ನು ಬೇಲಿಯ ಹತ್ತಿರ ನಿಲ್ಲಿಸಿ ಐರೀನ್‌ರನ್ನು ಕೂಗಿದರು. ನಾನು ಮಾಡಿದ್ದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಿದೆ. ಅತ್ತೆ ಪಕ್ಕದಲ್ಲೇ ನಿಂತು ನನ್ನ ಮುಖ ನೋಡುತ್ತಿದ್ದರು, ಈ ಸಲ ಹಂತ ಬಿಟ್ಟರೆ ಮುಖದಲ್ಲೇ ಹಿಡಿಯುವವರಂತೆ. ಐರೀನ್ ಕೈಗೋಲಿನ ಮೇಲೆ ಗದ್ದವೂರಿ ಕೇಳಿದರು. ಕೊನೆಗೆ ಹೇಳಿದ್ದು ನಾನು ನಿರೀಕ್ಷಿಸಿದ್ದಲ್ಲ.

"ಮಠದಲ್ಲಿ ನನ್ನ ಪಕ್ಕದ ಕೋಣೆಯಲ್ಲಿ ಒಬ್ಬ ಹುಡುಗಿ ಇದ್ದಳು. ಮಂಡಿಯೂರಿದಳೆಂದರೆ ಪ್ರಾರ್ಥನೆ ನಲ್ಲಿಯ ನೀರಿನ ಹಾಗೆ ಬರುತ್ತಿತ್ತು. ನನಗೆ ಏನೂ ಬರುತ್ತಿರಲಿಲ್ಲ. ಹೊಟ್ಟೆಕಿಚ್ಚಿಗೆ ಗ್ರಂಥಾಲಯಕ್ಕೆ ಹೋಗಿ ಕೂತೆ, ಅವಳಿಗೆ ಬಿಟ್ಟಿ ಸಿಕ್ಕಿದ್ದನ್ನು ನಾನು ಸಾಧಿಸಿಯೇ ಪಡೆಯುತ್ತೇನೆ ಎಂದು. ನಲವತ್ತು ವರ್ಷದ ಪಾಠ ಅಲ್ಲಿಂದ ಬಂದದ್ದು. ಈಗ ಮಾರ್ಚ್‌ನಿಂದ ನಿನ್ನ ಅತ್ತೆಯ ಗಂಟೆ ಕೇಳುತ್ತಿದ್ದೇನೆ. ಒಲೆ ಹಚ್ಚಿದ ಹಾಗೆ ದೀಪ ಹಚ್ಚಿ ಮುಂದಿನ ಕೆಲಸಕ್ಕೆ ಹೋಗುತ್ತಾರೆ. ನನಗೆ ಅವರ ಮೇಲೂ ಹೊಟ್ಟೆಕಿಚ್ಚು."

"ಏನಂದ್ಲು? ಪೂರ್ತಿ ಹೇಳು" ಎಂದರು ಅತ್ತೆ. ಪೂರ್ತಿ ಹೇಳಿದೆ, ನಲ್ಲಿಯ ನೀರು ಸಹಿತ.

ಐರೀನ್ ಮುಂದುವರಿಸಿದರು. ತಮ್ಮ ಧರ್ಮಗ್ರಂಥದಲ್ಲಿ ದೇವರು ತಾನು ಹೊಟ್ಟೆಕಿಚ್ಚಿನ ದೇವರೆಂದು ತಾನೇ ಹೇಳಿಕೊಳ್ಳುತ್ತಾನೆ. ಆದರೆ ಯುಕ್ತಿಯಿಂದ ಹೊರಟ ಆ ಪಂಡಿತರು, ಏನೊಂದೂ ಕೊರತೆಯಿಲ್ಲದವನಿಗೆ ಹೊಟ್ಟೆಕಿಚ್ಚು ಹೇಗೆ ಬಂದೀತು ಎಂದು ಅದನ್ನು ಹೊಡೆದುಹಾಕಿದರು. ದೇವರು ಏನೆಂದು ಹೇಳಲು ಬರುವುದಿಲ್ಲ, ಏನಲ್ಲ ಎಂದು ಮಾತ್ರ ಹೇಳಬಹುದು. ಹಾಗೆ ಒಂದೊಂದೇ ಕಳಚುತ್ತ ಹೋದಾಗ ಮೊದಲು ಹೋದವುಗಳಲ್ಲಿ ಇದೂ ಒಂದು.

ಅತ್ತೆ ಬೇಲಿಯ ಮೇಲಿದ್ದ ಒಂದು ಎಲೆಯನ್ನು ಹಿಸುಕಿ ಮೂಸುತ್ತ ಯೋಚಿಸಿದರು. "ಲೆಕ್ಕ ಸರಿ ಅದ. ಕೊರತಿ ಇಲ್ಲದಾಂವಗ ಹೊಟ್ಟಿಕಿಚ್ಚಿಲ್ಲ. ಅಂದಮ್ಯಾಲ ಅದು ನಮ್ಮ ಪಾಲಿಗೇ ಬಂತು." ಆಮೇಲೆ ನನ್ನ ತಲೆಯ ಮೇಲೆ ಮೊಟಕಿ, "ಈಗ ಆ ನುಂಗಿದ ಹಂತ ಕಾರು" ಎಂದರು. ಐರೀನ್ ಮತ್ತೆ ನಿಂಬೆಹಣ್ಣು ಉರುಳಿಸಿದರು, ನಾನು ಕೈಯಿಂದ ಕಲ್ಲಿನವರೆಗೆ ಎಲ್ಲವನ್ನೂ ಕನ್ನಡದಲ್ಲಿ ಹೇಳಿದೆ. ಅತ್ತೆ ಅದಕ್ಕೆ ಎತ್ತಿದ ಆಕ್ಷೇಪಕ್ಕೆ ಉತ್ತರ ಹುಡುಕಲು ಐರೀನ್‌ಗೆ ಒಂದು ವಾರ ಹಿಡಿಯಿತು.

ಅತ್ತೆ ಮರುವರ್ಷ ವಿಮಾನ ಸಿಕ್ಕಾಗ ಗದಗಿಗೆ ಹೋದರು. ಅದರ ಮುಂದಿನ ವರ್ಷ ಐರೀನ್‌ಗೆ ನಡೆಯುವುದು ಕಷ್ಟವಾಗಿ, ಸೋದರ ಸೊಸೆಯ ಊರಾದ ಲಾಂಗ್ ಬೀಚ್‌ನಲ್ಲಿ ವಯಸ್ಸಾದವರ ಒಂದು ವಸತಿಗೆ ಹೋದರು. ಪಕ್ಕದ ಮನೆಗೆ ಬಂದ ಹೊಸ ಗಂಡಹೆಂಡತಿ ಒಳ್ಳೆಯವರೇ, ಗಿಡ ಕಡಿಯಲಿಲ್ಲ. ತಿಂಗಳಿಗೊಂದು ಶನಿವಾರ ನಾನು ನಮ್ಮ ಕಡೆ ಬಿದ್ದ ಹಣ್ಣು ತೆಗೆದುಕೊಂಡು ಎರಡು ತಾಸು ಡ್ರೈವ್ ಮಾಡುತ್ತೇನೆ. ಅಲ್ಲಿ ಸಂಜೆ ಆರಾದಾಗ ಗದಗಿನಲ್ಲಿ ಭಾನುವಾರದ ಬೆಳಗು. ಫೋನನ್ನು ಐರೀನ್‌ರ ನೀರಿನ ಲೋಟಕ್ಕೆ ಒರಗಿಸಿ ವಿಡಿಯೋ ಕಾಲ್ ಹಚ್ಚುತ್ತೇನೆ. ಇಬ್ಬರೂ ಪರಸ್ಪರರನ್ನು ಕಂಡ ಕೂಡಲೇ ನನ್ನನ್ನು ಮರೆಯುತ್ತಾರೆ. ಕಿಚ್ಚು ಹತ್ತುತ್ತದೆ ಎಂದೆನಲ್ಲ, ಅದು ಇದಕ್ಕೇ. ಆರಿದೆ ಎಂದು ನಾನು ಎಲ್ಲೂ ಹೇಳಿಲ್ಲ.

ಇವತ್ತೂ ಹಾಗೇ ಆಯಿತು. ಐರೀನ್‌ರ ಕಿಟಕಿಯಿಂದ ದೂರದಲ್ಲಿ ಬಂದರಿನ ಕ್ರೇನುಗಳು ಕಾಣುತ್ತವೆ. ಅವರು ಐದೂ ನಿಂಬೆಹಣ್ಣನ್ನು ಮಡಿಲಲ್ಲಿಟ್ಟುಕೊಂಡು, ಆ ಕ್ರೇನುಗಳನ್ನು ತೋರಿಸಿ, ಸರಕಿನ ಡಬ್ಬಿಯನ್ನು ತಂತಿ ಎತ್ತುತ್ತದೆ, ತಂತಿಯನ್ನು ಚಕ್ರ ಎಳೆಯುತ್ತದೆ ಎಂದು ಹಳೆಯ ಸಾಧನೆಯನ್ನೇ ಮತ್ತೆ ಶುರುಮಾಡಿದರು. ಈಚೆಗೆ ಅವರಿಗೆ ಮರೆವು, ನಡುನಡುವೆ ಎಳೆ ತಪ್ಪುತ್ತದೆ. ಇವತ್ತು ಚಕ್ರದ ಹತ್ತಿರ ಬಂದು ನಿಂತೇಬಿಟ್ಟರು, ಮುಂದಿನದು ಬರಲಿಲ್ಲ. ಮಡಿಲಿನ ಹಣ್ಣನ್ನು ನೋಡಿದರು, ಕಿಟಕಿ ನೋಡಿದರು. ಫೋನಿನಲ್ಲಿ ಅತ್ತೆ ಕಾಯುತ್ತಿದ್ದರು. ನಾನು ಅವರ ಮಡಿಲಿನಿಂದ ಒಂದು ಹಣ್ಣು ತೆಗೆದು ಮೇಜಿನ ಮೇಲಿಟ್ಟು, ಕೈಗೋಲಿನಿಂದ ಮೆಲ್ಲಗೆ ನೂಕಿದೆ. ಬಿಟ್ಟುಹೋದ ಹಂತವನ್ನು ಮೊದಲು ಅವರಿಗೆ ಇಂಗ್ಲಿಷಿನಲ್ಲಿ ಹೇಳಿದೆ, ನಲವತ್ತು ವರ್ಷ ಅವರು ಹೇಳಿದ ಹಾಗೆಯೇ. "ಹೌದು, ಅದೇ" ಎಂದರು ಐರೀನ್. ಆಮೇಲೆ ಅತ್ತೆಗೆ ಕನ್ನಡದಲ್ಲಿ ಹೇಳತೊಡಗಿದೆ. ಯಾಕೋ ಕಣ್ಣೀರು ಬಂದು, ಕೋಲೂ ಕೈಯೂ ಅದಲುಬದಲಾಗಿ, ತೊದಲಿದೆ.

"ಏ ಹುಚ್ಚಿ," ಗದಗಿನಿಂದ ದನಿ ಬಂತು, "ಅಳಕೋತ ಯಾರರ ಸಾಧನೆ ಹೇಳ್ತಾರೇನ? ಕಣ್ಣ ವರಸ್ಕೋ. ಮೊದಲಿಂದ ಹೇಳು, ಸಾವಕಾಶ."

ಐರೀನ್ ನನ್ನ ತೋಳು ಹಿಡಿದು ಕೇಳಿದರು, "ಏನೆಂದರು? ಏನೆಂದರು?"

ಇಷ್ಟು ವರ್ಷದಲ್ಲಿ ಇಬ್ಬರ ನಡುವೆ ಒಂದು ಮಾತನ್ನೂ ನಾನು ಮತ್ತೆ ಬಿಟ್ಟವಳಲ್ಲ. "ಇದೊಂದನ್ನು ಹೇಳುವುದಿಲ್ಲ ಐರೀನ್," ಎಂದೆ. "ಇದು ನನಗೆ ಬಂದದ್ದು."